ಆಸ್ಟ್ರೇಲಿಯಾದ ಪಿಎಚ್.ಡಿ.ಗೆ ಅಂಗಡಿಯ ಬಂಡವಾಳವೇಕೆ?

ವಿದೇಶ ವ್ಯಾಸಂಗವೆಂದರೆ ಲಕ್ಷಗಟ್ಟಲೆ ಖರ್ಚು ಎಂಬ ಭಾವನೆ ವರ್ತಕ ಕುಟುಂಬಗಳಲ್ಲಿ ಆಳವಾಗಿ ಬೇರೂರಿದೆ. ಮಕ್ಕಳು ಆಸ್ಟ್ರೇಲಿಯಾದ ಹೆಸರೆತ್ತಿದೊಡನೆ ತಂದೆಯು ಗೋದಾಮಿನ ಪತ್ರಗಳನ್ನು ಬ್ಯಾಂಕಿನಲ್ಲಿ ಅಡವಿಡುವ ಯೋಚನೆಗೆ ತೊಡಗುತ್ತಾನೆ; ಇಲ್ಲವೇ ದುಡಿಯುವ ಬಂಡವಾಳಕ್ಕೇ ಕೈ ಹಾಕುತ್ತಾನೆ. ಮುಂದಿನ ಹಂಗಾಮಿನಲ್ಲಿ ಸರಕು ಕೊಳ್ಳಲು ಹಣವಿಲ್ಲದೆ ವ್ಯವಹಾರ ಸೊರಗುತ್ತದೆ. ತರಗತಿ ಪಾಠದ ಸ್ನಾತಕೋತ್ತರ ಪದವಿಗೆ ಇಂತಹ ವೆಚ್ಚ ಬಹುಮಟ್ಟಿಗೆ ಅನಿವಾರ್ಯ. ಪಿಎಚ್.ಡಿ.ಯ ಲೆಕ್ಕವೇ ಬೇರೆ.

ಆಸ್ಟ್ರೇಲಿಯಾ ಸರ್ಕಾರವು 2017ರಿಂದ ‘ರಿಸರ್ಚ್ ಟ್ರೈನಿಂಗ್ ಪ್ರೋಗ್ರಾಂ’ ಎಂಬ ಯೋಜನೆಯಡಿ ವಿಶ್ವವಿದ್ಯಾಲಯಗಳಿಗೆ ಅನುದಾನ ನೀಡುತ್ತಿದೆ. ಬೋಧನಾ ಶುಲ್ಕದ ವಿನಾಯಿತಿ, ಶಿಷ್ಯವೇತನ ಹಾಗೂ ಕೆಲವು ಭತ್ಯೆಗಳಿಗೆ ಇದರಲ್ಲಿ ಅವಕಾಶವಿದೆ. 2025ರಲ್ಲಿ ಪೂರ್ಣಾವಧಿ ಶಿಷ್ಯವೇತನದ ಕನಿಷ್ಠ ದರ ವರ್ಷಕ್ಕೆ 33,511 ಆಸ್ಟ್ರೇಲಿಯನ್ ಡಾಲರ್. ವಿದೇಶಿ ವಿದ್ಯಾರ್ಥಿಗಳೂ ಅರ್ಹರು. ಆದರೆ ಅವರಿಗೆ ದೊರೆಯುವ ಪಾಲು ಸೀಮಿತವಾದುದರಿಂದ ಸ್ಪರ್ಧೆ ತೀವ್ರ. ಇದಲ್ಲದೆ ವಿಶ್ವವಿದ್ಯಾಲಯಗಳ ಸ್ವಂತ ವೇತನಗಳೂ, ಪ್ರಾಧ್ಯಾಪಕರು ಪಡೆದ ಯೋಜನಾ ಅನುದಾನದಿಂದ ಕೊಡಮಾಡುವ ಸ್ಥಾನಗಳೂ ಉಂಟು.

ಇವುಗಳನ್ನು ಪಡೆಯುವ ಕ್ರಮವನ್ನು ಅರಿಯುವುದು ಅಗತ್ಯ. ಮೊದಲು ಬೇಕಾದುದು ಮಾರ್ಗದರ್ಶಕರ ಒಪ್ಪಿಗೆ. ವಿದ್ಯಾರ್ಥಿಯು ತನ್ನ ವಿಷಯದ ಪ್ರಾಧ್ಯಾಪಕರ ಪ್ರಬಂಧಗಳನ್ನು ಓದಿ, ತನ್ನ ಸಂಶೋಧನೆಯ ಸಂಕ್ಷಿಪ್ತ ರೂಪರೇಷೆಯೊಡನೆ ನೇರವಾಗಿ ಪತ್ರ ಬರೆಯಬೇಕು. ಉತ್ತಮ ಅಂಕಗಳು, ಸಂಶೋಧನಾ ಪ್ರಬಂಧ ಬರೆದ ಅನುಭವ, ಪ್ರಕಟಿತ ಲೇಖನ ಇವು ಆಯ್ಕೆಯಲ್ಲಿ ತೂಕ ಪಡೆಯುತ್ತವೆ. ಇದನ್ನು ಯಾವ ಏಜೆಂಟನೂ ಮಾಡಿಕೊಡಲಾರ. ಶುಲ್ಕದ ಮೇಲೆ ಕಮಿಷನ್ ಪಡೆಯುವವನಿಗೆ ಶುಲ್ಕವಿಲ್ಲದ ಪ್ರವೇಶದಲ್ಲಿ ಆಸಕ್ತಿ ಕಡಿಮೆ ಇರುವುದೂ ಸಹಜವೇ.

ಆಫರ್ ಲೆಟರನ್ನು ಜಮಾ-ಖರ್ಚಿನ ಪಟ್ಟಿಯಂತೆ ಓದುವುದು ಲೇಸು. ಶುಲ್ಕ ವಿನಾಯಿತಿ ಒಂದು ಬಾಬು, ಶಿಷ್ಯವೇತನ ಇನ್ನೊಂದು. ಮೊದಲನೆಯದು ಮಾತ್ರ ದೊರೆತರೆ ಮನೆ ಬಾಡಿಗೆ, ಊಟದ ಹೊರೆ ತಂದೆಯ ಮೇಲೆಯೇ ಬೀಳುತ್ತದೆ. ಆರೋಗ್ಯ ವಿಮೆಯನ್ನು ಯಾರು ಭರಿಸುವರು? ವೇತನದ ಅವಧಿ ಮುಗಿದ ಮೇಲೂ ಪ್ರಬಂಧ ಬಾಕಿ ಉಳಿದರೆ ಗತಿಯೇನು? ಇವನ್ನು ಮುಂಚೆಯೇ ಲಿಖಿತವಾಗಿ ತಿಳಿಯಬೇಕು. ವೀಸಾ ಶುಲ್ಕವೇ 2025ರ ಜುಲೈ 1ರಿಂದ 2,000 ಡಾಲರಿಗೆ ಏರಿತು. ಸಿಡ್ನಿಯಂತಹ ನಗರದಲ್ಲಿ ಕನಿಷ್ಠ ವೇತನದಿಂದ ಒಬ್ಬರ ಜೀವನ ಮಿತವ್ಯಯದಿಂದ ಸಾಗೀತು. ಉಳಿತಾಯದ ಆಸೆ ಸಲ್ಲದು.

ದೇಶದಲ್ಲಿಯೇ ಹೆಚ್ಚು ಕಾಲ ಇದ್ದು ಓದಬಯಸುವವರಿಗೆ ಮುಂಬಯಿಯಲ್ಲಿ 2008ರಲ್ಲಿ ಆರಂಭವಾದ ಐಐಟಿ ಬಾಂಬೆ–ಮೊನಾಶ್ ಸಂಶೋಧನಾ ಅಕಾಡೆಮಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಮೆಲ್ಬರ್ನ್ ವಿಶ್ವವಿದ್ಯಾಲಯದೊಡನೆ ಜಂಟಿ ಪಿಎಚ್.ಡಿ. ವ್ಯವಸ್ಥೆ ಮಾಡಿಕೊಂಡಿದೆ.

ಸರಕು ಖರೀದಿಗೆ ನಾಲ್ಕು ಕಡೆ ದರ ವಿಚಾರಿಸುವ ವರ್ತಕರು ಮಕ್ಕಳ ವಿದ್ಯೆಯ ವಿಷಯದಲ್ಲಿ ಮೊದಲು ಸಿಕ್ಕ ದರಕ್ಕೇ ಒಪ್ಪುವುದು ಸೋಜಿಗ. ಅರ್ಹತೆಯುಳ್ಳ ಮಕ್ಕಳಿಗೆ ಒಂದು ವರ್ಷದ ಸಿದ್ಧತೆಯ ಕಾಲಾವಕಾಶ ಕೊಟ್ಟರೆ, ಗೋದಾಮಿನ ಪತ್ರಗಳು ಪೆಟ್ಟಿಗೆಯಲ್ಲಿಯೇ ಉಳಿಯುವ ಸಂಭವವುಂಟು. ವಾಣಿಜ್ಯ ಸಂಸ್ಥೆಗಳು ತೆರಿಗೆ ಕುರಿತು ನಡೆಸುವ ಕಾರ್ಯಾಗಾರಗಳ ಜೊತೆಗೆ ಈ ವಿಷಯದಲ್ಲಿಯೂ ವರ್ಷಕ್ಕೊಂದು ಮಾಹಿತಿ ಸಭೆ ಏರ್ಪಡಿಸುವುದು ಸದಸ್ಯರ ಬಂಡವಾಳದ ರಕ್ಷಣೆಯ ದೃಷ್ಟಿಯಿಂದಲೂ ಉಚಿತ.