ಹತ್ತಿ ನಮ್ಮದು, ಅಂಗಿ ಯಾರದು?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಎರೆಹೊಲಗಳಿಂದ ಹತ್ತಿ ಹೊರಗೆ ಹೋಗುತ್ತದೆ. ಗಂಡಸರ ಅಂಗಿ ಹೊರಗಿನಿಂದ ಬರುತ್ತದೆ. ಹೊಲಿದವರ ಕೂಲಿಯೆಷ್ಟು, ಬಣ್ಣದ ನೀರು ಯಾವ ಹಳ್ಳ ಸೇರಿತು ಎಂದು ಅಂಗಡಿಕಾರನೂ ಕೇಳನು, ಗಿರಾಕಿಯೂ ಕೇಳನು. 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದ ಮೈಲಾರ ಮಹಾದೇವ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು; ಖಾದಿಯ ಮಾತು ಈ ನೆಲಕ್ಕೆ ಹೊಸದಲ್ಲ.

ಆದರೆ ಅಭಿಮಾನವೊಂದರಿಂದಲೇ ಮಗ್ಗ ಆಡದು. ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಗೆ ಹೆಸರಾದ, ಹೆಗ್ಗೋಡು ಬಳಿಯ ‘ಚರಕ’ ಸಂಸ್ಥೆಯೂ ಸರಕು ಮಾರಾಟವಾಗದೆ 2020ರಲ್ಲಿ ದಿವಾಳಿ ಸಾರಬೇಕಾಯಿತು. ಆದ್ದರಿಂದ ಈ ಊರುಗಳ ಸಣ್ಣ ಅಂಗಡಿಗಳು ಉದ್ದರಿ ಕೇಳದೆ, ನಗದು ಕೊಟ್ಟು, ಹತ್ತಾದರೂ ಕೈಮಗ್ಗದ ಅಂಗಿ ತಂದಿಡಲಿ. ಬೆಲೆ ಹೆಚ್ಚೆನ್ನುವವರಿಗೆ ನೇಯ್ದವರ ಊರನ್ನೂ ಕೂಲಿಯನ್ನೂ ತಿಳಿಸಲಿ. ಕೊಂಡರಷ್ಟೇ ಮಗ್ಗ ಉಳಿದೀತು.