ತಾತ ಮಾಡಿದ ಲಸಾನ್ಯ

ಊಟಕ್ಕೆ ಕೂತು ತಪ್ಪು ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ವಂಶದಲ್ಲೇ ಇರಲಿಲ್ಲ. ಸಾರಿಗೆ ಉಪ್ಪು ಒಂದು ಕಾಳು ಕಡಿಮೆ, ಪಲ್ಯದ ಒಗ್ಗರಣೆ ಸೀದಿದೆ, ಹುಳಿಗೆ ಹುಣಸೆಹಣ್ಣು ಮುಂದಾಗಿದೆ ಎಂದು ದಿನಕ್ಕೊಂದು ವರದಿ ಕೊಡುತ್ತಿದ್ದೆ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಲೆಕ್ಕ ತಾಳೆ ನೋಡಿದ ಚಟ ತಟ್ಟೆಯ ಮುಂದೆಯೂ ಬಿಡಲಿಲ್ಲ. ನಮ್ಮಾಕೆ ಎದುರಾಡುತ್ತಿರಲಿಲ್ಲ. ಉಪ್ಪಿನ ಬಟ್ಟಲನ್ನು ನನ್ನ ಕಡೆ ಸರಿಸುತ್ತಿದ್ದಳು, ಅಷ್ಟೆ.

ನಮ್ಮ ಮಗಳು, ಅಳಿಯ ಕೆಲಸದ ನಿಮಿತ್ತ ಇಟಲಿಯ ಬೊಲೋನ್ಯಾದಲ್ಲಿದ್ದಾರೆ. ಹೋದ ವರ್ಷ ನಾವಿಬ್ಬರೂ ಅಲ್ಲಿಗೆ ಹೋಗಿ ಎರಡು ತಿಂಗಳು ಇದ್ದು ಬಂದೆವು. ಒಂದು ದಿನ ನಮ್ಮಾಕೆ ಆ ಹೊಸ ಅಡುಗೆಮನೆಯಲ್ಲಿ, ಊರಿಂದ ಹೊತ್ತು ತಂದ ಪುಡಿ ಹಾಕಿ ಬಿಸಿಬೇಳೆಬಾತ್ ಮಾಡಿದಳು. ನಾನು ಅಭ್ಯಾಸಬಲದಿಂದ "ಖಾರ ಸ್ವಲ್ಪ ಮುಂದು" ಅಂದೆ.

ಹತ್ತು ವರ್ಷದ ಮೊಮ್ಮಗಳು ಚಮಚ ಕೆಳಗಿಟ್ಟು ಕೇಳಿದಳು: "ತಾತ, ನಿನಗೆ ಏನು ಅಡುಗೆ ಬರುತ್ತೆ?"

"ಕಾಫಿ ಮಾಡ್ತೀನಲ್ಲ."

"ಡಿಕಾಕ್ಷನ್ ನಾನು ಇಳಿಸಿಟ್ಟಿದ್ದರೆ" ಎಂದಳು ನಮ್ಮಾಕೆ.

ಎಲ್ಲರೂ ನಕ್ಕರು. ಮೊಮ್ಮಗಳು ಮಾತ್ರ ನಗಲಿಲ್ಲ. "ಹಾಗಾದ್ರೆ ಭಾನುವಾರ ನೀನೇ ಲಸಾನ್ಯ ಮಾಡು. ಅಜ್ಜಿ ಕುರ್ಚೀಲಿ ಕೂತ್ಕೋಬೇಕು" ಎಂದು ತೀರ್ಪು ಕೊಟ್ಟಳು. ನಾನು ಒಪ್ಪಿದೆ. ಒಪ್ಪಿದ ಮೇಲೆ ಅದರ ಹೆಸರು ಓದಲು ಹೋದೆ. ಇಂಗ್ಲಿಷ್ ಅಕ್ಷರಗಳ ನಡುವೆ 'ಜಿ' ಇದ್ದದ್ದರಿಂದ 'ಲಸಗ್ನ' ಎಂದು ಓದಿದೆ. "ತಾತ, ಹೆಸರೇ ಬರ್ತಿಲ್ಲ, ಇನ್ನು ಮಾಡ್ತೀಯಾ?" ಅಂದಳು ಅವಳು.

ಮಕ್ಕಳೇ, ಲಸಾನ್ಯ ಎಂದರೆ ಗೋಧಿಯ ಅಗಲವಾದ ಹಾಳೆಗಳನ್ನು ಬೇಯಿಸಿ, ಒಂದರ ಮೇಲೊಂದು ಜೋಡಿಸಿ, ನಡುನಡುವೆ ಸಾಸ್, ಚೀಸ್ ಹರಡಿ ಓವನ್‌ನಲ್ಲಿ ಸುಡುವ ತಿಂಡಿ. ಬಹಳ ಹಳೆಯದು. ಸುಮಾರು 700 ವರ್ಷದ ಹಿಂದೆ ಇಟಲಿಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಒಂದು ಅಡುಗೆ ಪುಸ್ತಕದಲ್ಲೇ ಇದರ ಪ್ರಸ್ತಾಪವಿದೆ. ಆದರೆ ಅದರಲ್ಲಿ ಟೊಮೆಟೊ ಇಲ್ಲ! ಅಮೆರಿಕ ಖಂಡದ ಆ ಹಣ್ಣು ಯೂರೋಪಿಗೆ ಬಂದದ್ದೇ 16ನೇ ಶತಮಾನದಲ್ಲಿ. ನಮ್ಮ ಸಾರಿನ ಮೆಣಸಿನಕಾಯಿಯೂ ಹಾಗೇ ಅಮೆರಿಕದಿಂದ ಬಂದದ್ದು, ಪೋರ್ಚುಗೀಸರ ಹಡಗಿನಲ್ಲಿ.

ಬೊಲೋನ್ಯಾದವರು ಅಡುಗೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಲಸಾನ್ಯಕ್ಕೆ ಹಾಕುವ 'ರಗೂ' ಎಂಬ ಮಾಂಸದ ಸಾಸನ್ನು ಹೇಗೆ ಮಾಡಬೇಕೆಂದು 1982ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲೆ ಮಾಡಿಸಿಟ್ಟಿದ್ದಾರೆ. ಆಸ್ತಿಪತ್ರ ನೋಂದಾಯಿಸಿದ ಹಾಗೆ! ಕಾಗದಪತ್ರದಲ್ಲೇ ಜೀವ ಸವೆಸಿದ ನನಗೆ ಇದು ಬಹಳ ಹಿಡಿಸಿತು. ತೊಂದರೆ ಏನೆಂದರೆ, ನಮ್ಮ ಮನೆಯಲ್ಲಿ ಮಾಂಸವೂ ಇಲ್ಲ, ಮೊಟ್ಟೆಯೂ ಇಲ್ಲ. ಅವರ ಹಾಳೆಯ ಹಿಟ್ಟಿಗೋ 100 ಗ್ರಾಂಗೆ ಒಂದು ಮೊಟ್ಟೆ ಎಂದು ಲೆಕ್ಕ.

ಕೆಳಗಿನ ಮನೆಯಲ್ಲಿ ನನ್ನ ವಯಸ್ಸಿನ ಒಬ್ಬ ಅಜ್ಜಿ ಇದ್ದರು. ಇಟಾಲಿಯನ್‌ನಲ್ಲಿ ಅಜ್ಜಿಗೆ 'ನೊನ್ನಾ' ಅನ್ನುತ್ತಾರೆ. ಮೊಮ್ಮಗಳು ಅವರನ್ನು ಭಾನುವಾರ ಬೆಳಿಗ್ಗೆ ಎಂಟೂವರೆಗೇ ಕರೆತಂದಳು. ಅವರಿಗೆ ಇಟಾಲಿಯನ್ ಬಿಟ್ಟು ಬೇರೆ ಭಾಷೆ ಬಾರದು, ನನಗೆ ಅದೊಂದೇ ಬಾರದು. ಮೊಮ್ಮಗಳೇ ದುಭಾಷಿ. ಮೊಟ್ಟೆ, ಮಾಂಸ ಬೇಡ ಎಂದು ಅವಳು ಹೇಳಿದ ಕೂಡಲೇ ನೊನ್ನಾ ಹಣೆ ಹಣೆ ಚಚ್ಚಿಕೊಂಡರು. ಆಮೇಲೆ ಏನೋ ನೆನಪಾಗಿ ಮುಖ ಅರಳಿತು. ಅವರ ಅತ್ತೆ ದಕ್ಷಿಣ ಇಟಲಿಯವರಂತೆ. ಆ ಕಡೆ ಗಟ್ಟಿ ಗೋಧಿಯ ಸಣ್ಣ ರವೆಗೆ ಬರೀ ನೀರು ಹಾಕಿ ಹಿಟ್ಟು ಕಲಸುತ್ತಾರೆ. ರವೆಯನ್ನು ಬೆರಳಲ್ಲಿ ಉಜ್ಜಿ ನೋಡಿದ ನಮ್ಮಾಕೆ, "ಇದು ನಮ್ಮ ಚಿರೋಟಿ ರವೆ ಇದ್ದ ಹಾಗೇ ಇದೆಯಲ್ಲ" ಅಂದಳು.

ಚೀಸ್ ವಿಷಯದಲ್ಲಿ ಮಗಳು ಎಚ್ಚರಿಸಿದಳು. ಆ ಸೀಮೆಯ ಹೆಸರಾಂತ ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು. ಹಾಗಾಗಿ ಸಸ್ಯಜನ್ಯ ಹೆಪ್ಪಿನದು ಎಂದು ಚೀಟಿಯಲ್ಲಿ ಬರೆದಿದ್ದ ಬೇರೆ ಚೀಸ್ ತಂದಿದ್ದಳು.

400 ಗ್ರಾಂ ರವೆ, 200 ಮಿಲಿಲೀಟರ್ ನೀರು. ತೂಕ ಹಾಕಿ, ಅಳೆದು, ಎರಡೆರಡು ಸಲ ನೋಡಿ ಶುರು ಮಾಡಿದೆ. ಹತ್ತು ನಿಮಿಷ ನಾದಬೇಕು ಅಂದರು. ಐದೇ ನಿಮಿಷಕ್ಕೆ ಭುಜ ಸೋತಿತು. ನಾದಿದ ಹಿಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟೆವು, ಹೋಳಿಗೆಯ ಕಣಕ ಬಿಡುವ ಹಾಗೆ. ಆಮೇಲೆ ಲಟ್ಟಿಸುವ ಕೆಲಸ. ಅವರ ಲಟ್ಟಣಿಗೆ ನನ್ನ ತೋಳಿಗಿಂತ ಉದ್ದ. ಊರ ಹೊರಗಿನ ಗುಡ್ಡದ ಮೇಲೆ ಸಾನ್ ಲೂಕಾ ಎಂಬ ಹಳೆಯ ಚರ್ಚ್ ಇದೆ. ಹಾಳೆಯನ್ನು ಎತ್ತಿ ಹಿಡಿದರೆ ಅದರ ಮೂಲಕ ಆ ಚರ್ಚ್ ಕಾಣುವಷ್ಟು ತೆಳ್ಳಗಿರಬೇಕು ಎಂಬುದು ಬೊಲೋನ್ಯಾದವರ ಮಾತು.

ಮೊಮ್ಮಗಳು ನನ್ನ ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದಳು. "ತಾತ, ಚರ್ಚ್ ಇರಲಿ, ಕಿಟಕೀನೇ ಕಾಣ್ತಿಲ್ಲ!"

ಟೊಮೆಟೊ ಸಾಸ್ ಹೇಗೋ ದಡ ಮುಟ್ಟಿತು. ಈರುಳ್ಳಿ, ಕ್ಯಾರೆಟ್, ಸೆಲರಿ ಸೊಪ್ಪಿನ ದಂಟು ಮೂರನ್ನೂ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ, ಟೊಮೆಟೊ ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸುವುದು. ಬಿಳಿ ಸಾಸ್ ಕೈ ಕೊಟ್ಟಿತು. 50 ಗ್ರಾಂ ಬೆಣ್ಣೆ ಕರಗಿಸಿ, 50 ಗ್ರಾಂ ಮೈದಾ ಹುರಿದು, ಅರ್ಧ ಲೀಟರ್ ಹಾಲನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತ ತಿರುವಬೇಕು. ನಾನು ಒಂದೇ ಸಲಕ್ಕೆ ಸುರಿದೆ. ಗಂಟು ಗಂಟಾಯಿತು. ಕುರ್ಚಿಯಲ್ಲಿದ್ದ ನಮ್ಮಾಕೆ, "ರೀ, ಸೋಸಿಬಿಡಿ. ರಾಗಿ ಗಂಜಿ ಗಂಟಾದಾಗ ನಾನು ಮಾಡೋದೂ ಅದೇ" ಅಂದಳು. ಗಂಟಿಲ್ಲದ ಗಂಜಿಯನ್ನೇ ಇಷ್ಟು ವರ್ಷ ಕುಡಿದವನು ನಾನು. ಅದರ ಹಿಂದೆ ಒಂದು ಜರಡಿ ಇತ್ತೆಂದು ಅಂದೇ ಗೊತ್ತಾಗಿದ್ದು.

ಹಾಳೆಗಳನ್ನು ಎರಡೆರಡಾಗಿ ಕುದಿಯುವ ನೀರಿಗೆ ಬಿಟ್ಟು, ತೆಗೆದು ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಹರಡಬೇಕು. ಹೊತ್ತಾಯಿತೆಂದು ನಾನು ಆರನ್ನು ಒಟ್ಟಿಗೆ ಬಿಟ್ಟೆ. ಅವು ಮಳೆಯಲ್ಲಿ ನೆಂದ ಲೆಡ್ಜರ್ ಪುಟಗಳಂತೆ ಒಂದಕ್ಕೊಂದು ಅಂಟಿಕೊಂಡವು. ಆರೂ ಹೋದವು. ಮತ್ತೆ ರವೆ ಅಳೆದೆ, ಮತ್ತೆ ಕಲಸಿದೆ. ಸುಮ್ಮನೆ ಕೂತು ಅಭ್ಯಾಸವಿಲ್ಲದ ನಮ್ಮಾಕೆ ಎರಡು ಸಲ ಎದ್ದು ಬಂದಳು. ಎರಡು ಸಲವೂ ಮೊಮ್ಮಗಳು ಕೈಹಿಡಿದು ಕೂರಿಸಿದಳು.

ಕೊನೆಗೆ ತಟ್ಟೆಯ ತಳಕ್ಕೆ ಹಿಡಿಯದಂತೆ ಮೊದಲು ಸಾಸ್, ಮೇಲೆ ಹಾಳೆ, ಕೆಂಪು ಸಾಸ್, ಬಿಳಿ ಸಾಸ್, ತುರಿದ ಚೀಸ್; ಹೀಗೆ ಐದು ಪದರ. 180 ಡಿಗ್ರಿ ಓವನ್‌ನಲ್ಲಿ 40 ನಿಮಿಷ. ಮೇಲೆ ಹೊಂಬಣ್ಣ ಬಂತು. ಹೊರಗೆ ತೆಗೆದ ಮೇಲೂ ಕಾಲು ಗಂಟೆ ಕಾಯಬೇಕು, ಬಿಸಿಯಲ್ಲೇ ಕತ್ತರಿಸಿದರೆ ಪದರಗಳು ಜಾರುತ್ತವೆ ಎಂದು ನೊನ್ನಾ ಕೈಯಲ್ಲಿದ್ದ ಚಾಕು ಕಿತ್ತುಕೊಂಡರು. ಗಡಿಯಾರ ಎರಡು ತೋರಿಸುತ್ತಿತ್ತು. ಐದೂವರೆ ಗಂಟೆ ನಿಂತೇ ಇದ್ದೆ.

ಮೊದಲ ತುಂಡನ್ನು ನಮ್ಮಾಕೆಯ ತಟ್ಟೆಗೆ ಹಾಕಿದೆ. ಎಲ್ಲರೂ ತಿನ್ನತೊಡಗಿದರು. ಯಾರೂ ಏನೂ ಹೇಳಲಿಲ್ಲ. ನನಗೋ ಚಡಪಡಿಕೆ. ಒಳ್ಳೆಯದಾಗಿದೆ ಅಂತಲಾದರೂ ಅನ್ನಬಾರದೇ, ಇಲ್ಲವೇ ಕೆಟ್ಟಿದೆ ಅಂತಲಾದರೂ! ಸೌಟು ಹಿಡಿದು ಬಾಗಿಲ ಬಳಿ ನಿಂತು ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಆಗ ಹೊಳೆಯಿತು. ನಮ್ಮಾಕೆ ಮದುವೆಯಾದಾಗಿನಿಂದ ಪ್ರತಿದಿನ ನಿಲ್ಲುತ್ತಿದ್ದ ಜಾಗ ಇದೇ. ಬಡಿಸಿ, ಸೌಟು ಹಿಡಿದು, ನನ್ನ ಮುಖ ನೋಡುತ್ತ. ನಾನು ಕೊಡುತ್ತಿದ್ದದ್ದು ಮಾತ್ರ 'ಉಪ್ಪು ಒಂದು ಕಾಳು ಕಡಿಮೆ'.

ನಮ್ಮಾಕೆ ನಿಧಾನವಾಗಿ ತಿಂದು ಮುಗಿಸಿದಳು. ತಲೆಯೆತ್ತಿದಳು. "ಉಪ್ಪು ಒಂದು ಕಾಳು ಕಡಿಮೆ" ಅಂದಳು.

ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನೊನ್ನಾಗೂ ಅದನ್ನು ಅನುವಾದಿಸಿ ಹೇಳಿದಳು, ಅವರೂ ನಕ್ಕರು. ನಾನು ಉಪ್ಪಿನ ಬಟ್ಟಲನ್ನು ನಮ್ಮಾಕೆಯ ಕಡೆ ಸರಿಸಿದೆ. ಆಕೆ ಉಪ್ಪು ಮುಟ್ಟಲಿಲ್ಲ. ತಟ್ಟೆ ಮುಂದೆ ಚಾಚಿ, "ಇನ್ನೊಂದು ತುಂಡು ಹಾಕಿ" ಅಂದಳು.

ಆಮೇಲೆ ಪಾತ್ರೆ ತೊಳೆದೆ. ಎಣಿಸಿದೆ, ಇಪ್ಪತ್ತೊಂದು.

ಊರಿಗೆ ಬಂದ ಮೇಲೆ ಒಮ್ಮೆ ಚಿರೋಟಿ ರವೆಯಲ್ಲೇ ಲಸಾನ್ಯ ಮಾಡಿದೆ. ಓವನ್ ಇಲ್ಲದ್ದಕ್ಕೆ ಕೇಕ್ ಮಾಡುವಂತೆ, ವಿಷಲ್ ತೆಗೆದ ಕುಕ್ಕರಿನ ತಳಕ್ಕೆ ಉಪ್ಪು ಹರಡಿ ಬೇಯಿಸಿದೆ. ಹೊಂಬಣ್ಣ ಬರಲಿಲ್ಲ, ರುಚಿ ಬಂತು. ಈಗ ಭಾನುವಾರದ ಒಂದು ಹೊತ್ತಿನ ಅಡುಗೆ ನನ್ನದೇ. ಹೆಚ್ಚಿನ ವಾರ ಬರೀ ಚಿತ್ರಾನ್ನ. ತಪ್ಪು ಹುಡುಕುವ ಚಟ ಪೂರ್ತಿ ಬಿಟ್ಟಿದ್ದೇನೆ ಎಂದರೆ ಸುಳ್ಳಾದೀತು. ಎರಡನೆಯ ಸಲ ಹಾಕಿಸಿಕೊಂಡ ಮೇಲಷ್ಟೇ ಬಾಯಿ ಬಿಡುತ್ತೇನೆ.

ಮಕ್ಕಳೇ, ಈ ಭಾನುವಾರ ನಿಮ್ಮ ಮನೆಯ ತಾತನಿಗೂ ಒಂದು ಅಡುಗೆ ವಹಿಸಿ ನೋಡಿ. ಒಲೆಯ ಹತ್ತಿರ ಮಾತ್ರ ದೊಡ್ಡವರ ಜೊತೆಗೇ ಇರಿ. ಅಜ್ಜಿ ಎದ್ದು ಬಂದರೆ ಕೈಹಿಡಿದು ಕುರ್ಚಿಯಲ್ಲಿ ಕೂರಿಸಿ. ಪಾತ್ರೆ ಎಷ್ಟಾಯಿತೆಂದು ಎಣಿಸಲು ಮರೆಯಬೇಡಿ.