ಬೆಳಿಗ್ಗೆ ಆರಕ್ಕೆ ಹೊರಡೋಣ, ಲೇಪಾಕ್ಷಿಗೆ

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಸೀಮೆಯ ಅಣ್ಣಂದಿರೇ, ಅಕ್ಕಂದಿರೇ, ಗಾಲಿಕುರ್ಚಿಯ ಮೇಲೆ ಕೂತವರೇ, ಮಂಚ ಬಿಟ್ಟು ಏಳಲಾಗದವರೇ, ಅವರನ್ನು ನೋಡಿಕೊಳ್ಳುವ ಮನೆಯವರೇ,

(ಈ ಕಾಗದದ ಹಿಂಬದಿಯಲ್ಲಿ ಇದೇ ಮಾತು ತೆಲುಗಿನಲ್ಲಿದೆ. ಯಾವ ಕಡೆಯಿಂದ ಓದಿದರೂ ಹೊರಡುವ ಹೊತ್ತು ಒಂದೇ.)

ತಿಂಗಳ ಒಂದನೇ ತಾರೀಕು ನಮ್ಮ ಮನೆ ಬಾಗಿಲಿಗೆ ಒಬ್ಬರು ಬರುತ್ತಾರೆ. ಪಿಂಚಣಿ ಎಣಿಸಿ ಕೊಟ್ಟು ಹೋಗುತ್ತಾರೆ. 2024ರ ಜುಲೈಯಿಂದ ನಮ್ಮ ರಾಜ್ಯದಲ್ಲಿ ಅಂಗವಿಕಲರಿಗೆ 6,000 ರೂಪಾಯಿ, ಹಾಸಿಗೆಯನ್ನೋ ಗಾಲಿಕುರ್ಚಿಯನ್ನೋ ಬಿಟ್ಟು ಅಲುಗಾಡಲಾಗದವರಿಗೆ 15,000 ರೂಪಾಯಿ ಸಿಗುತ್ತಿದೆ. ಬೇಡ ಅನ್ನುವ ದುಡ್ಡಲ್ಲ ಅದು. ಎಷ್ಟೋ ಮನೆಯಲ್ಲಿ ಒಲೆ ಉರಿಯುತ್ತಿರುವುದೇ ಅದರಿಂದ. ಆದರೆ ತಿಂಗಳಲ್ಲಿ ಉಳಿದ ದಿನ ಯಾರು ಬರುತ್ತಾರೆ? ಬೆರಳು ಮಡಿಸಿ ಎಣಿಸಿ ನೋಡಿ. ನನ್ನ ಮನೆಯಲ್ಲಿ ಮೊದಲ ಎರಡು ವರ್ಷ ಎಣಿಸಲು ಬೆರಳೇ ಬೇಕಾಗಿರಲಿಲ್ಲ.

ನಾನು ಬಿದ್ದದ್ದು ಹುಣಸೆ ಮರದಿಂದ. ಹಿಂದೂಪುರದ ಹುಣಸೆ ಮಂಡಿ ಇಡೀ ನಾಡಿಗೇ ಹೆಸರುವಾಸಿ. ಆ ಹಣ್ಣು ಮಂಡಿಗೆ ಬರುವ ಮುಂಚೆ ಯಾರೋ ಒಬ್ಬ ಮರ ಹತ್ತಿ, ಕೊಂಬೆಯ ತುದಿಗೆ ಹೋಗಿ ಗಳ ಬೀಸಿರುತ್ತಾನೆ ಎಂಬುದು ಸಾರಿಗೆ ಹುಳಿ ಹಿಂಡುವವರಿಗೆ ನೆನಪಿರುವುದಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವ ರೂಢಿ ನಮ್ಮಲ್ಲಿ ಇಲ್ಲ. ಕೊಂಬೆ ಮುರಿಯಿತು, ಬೆನ್ನುಮೂಳೆಯೂ ಮುರಿಯಿತು. ಬೆನ್ನುಹುರಿಗೆ ಪೆಟ್ಟು ಬಿದ್ದದ್ದರಿಂದ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಗ ನನಗೆ ಇಪ್ಪತ್ತಾರು. ಆಸ್ಪತ್ರೆಯವರು ಮೂಳೆಗೆ ಕಂಬಿ ಹಾಕಿ ಮನೆಗೆ ಕಳಿಸಿದರು. ಮನೆಗೆ ಹೋದ ಮೇಲೆ ಬದುಕುವುದು ಹೇಗೆಂದು ಮಾತ್ರ ಯಾರೂ ಹೇಳಲಿಲ್ಲ.

ನೋಡಲು ಬಂದವರೆಲ್ಲ ಬುದ್ಧಿ ಹೇಳಿದರು. ಒಬ್ಬ ಮೇಷ್ಟ್ರು ದೀಪಾ ಮಲಿಕ್ ಅವರ ಕಥೆ ಹೇಳಿದರು. ಬೆನ್ನುಹುರಿಯ ಗೆಡ್ಡೆಯಿಂದ 1999ರಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡ ಹೆಂಗಸು ಯಮುನೆಯಲ್ಲಿ ಹರಿವಿಗೆ ಎದುರಾಗಿ ಈಜಿದ್ದು, ಕೈಯಿಂದಲೇ ಎಲ್ಲ ನಡೆಸುವ ಗಾಡಿಯಲ್ಲಿ ಹಿಮಾಲಯದ ರ‍್ಯಾಲಿ ಓಡಿಸಿದ್ದು, 2016ರಲ್ಲಿ ರಿಯೊದಲ್ಲಿ ಗುಂಡು ಎಸೆದು ಬೆಳ್ಳಿ ತಂದದ್ದು, ಎಲ್ಲ. ಒಂದಕ್ಷರವೂ ಸುಳ್ಳಲ್ಲ. ಆದರೆ ಕೇಳಿ ನನಗೆ ಸ್ಫೂರ್ತಿ ಬರಲಿಲ್ಲ, ಸಿಟ್ಟು ಬಂತು. ಮಗ್ಗುಲು ಬದಲಿಸಿಕೊಡಲು ಅವ್ವ ಬೇಕು, ಉಚ್ಚೆ ಚೀಲ ಖಾಲಿ ಮಾಡಲು ಅವ್ವ ಬೇಕು. ಅಂಥವನಿಗೆ ಹಿಮಾಲಯದ ಕಥೆ! ಗೋಡೆ ಕಡೆ ಮುಖ ತಿರುಗಿಸಿ ಮಲಗಿದೆ.

ಆಮೇಲೆ ಒಂದು ದಿನ ಕಲ್ಯಾಣದುರ್ಗದ ಕಡೆಯವನೊಬ್ಬ ಲಗೇಜ್ ಆಟೋದಲ್ಲಿ ತನ್ನ ಮೂರು ಚಕ್ರದ ಸೈಕಲ್ ಹಾಕಿಸಿಕೊಂಡು ನಮ್ಮೂರಿಗೆ ಬಂದ. ಆಸ್ಪತ್ರೆಯ ವಾರ್ಡಿನಲ್ಲಿ ಎದುರು ಮಂಚದಲ್ಲಿದ್ದವನು. ಬಾವಿಯಿಂದ ಮೋಟರ್ ಎತ್ತುವಾಗ ಬಿದ್ದು ನನ್ನ ಹಾಗೇ ಆದವನು. ಒಳಗೆ ಬಂದವನೇ ಹೇಗಿದ್ದೀಯ ಎಂದು ಕೇಳಲಿಲ್ಲ. “ಏನ್ ಬಾವಾ, ಹುಣ್ಣು ಆಗೈತಾ? ತಿರುಗು, ತೋರ್ಸು” ಅಂದ. ಆಗಿತ್ತು. ಮಲಗಿದಲ್ಲೇ ಮಲಗಿ ಆದ ಹುಣ್ಣು; ಅವ್ವನಿಗೂ ಹೇಳಲು ನಾಚಿಕೆಪಟ್ಟುಕೊಂಡು ಮುಚ್ಚಿಟ್ಟಿದ್ದೆ. ಬೈದ. ಕೈಕನ್ನಡಿ ಹಿಡಿದು ದಿನಾ ನೋಡಿಕೊಳ್ಳುವುದು ಹೇಗೆ, ಹಲಗೆ ಇಟ್ಟು ಮಂಚದಿಂದ ಕುರ್ಚಿಗೆ ಜಾರುವುದು ಹೇಗೆ, ಉಚ್ಚೆಯ ನಳಿಕೆಯನ್ನು ತಾನೇ ಹಾಕಿಕೊಳ್ಳುವುದು ಹೇಗೆ, ಎಲ್ಲ ತೋರಿಸಿಕೊಟ್ಟ. ಮೂರನೇ ಸಲ ಬಂದಾಗ ಹುಣ್ಣು ಮಾಗಿತ್ತು. “ಈಗ ಹೊರಗೆ ನಡಿ” ಎಂದು ಊರಾಚೆಯ ಇಳಿಜಾರಿಗೆ ಕರೆದುಕೊಂಡು ಹೋಗಿ, ಬ್ರೇಕು ಬಿಡು ಅಂದ. ಬಿಟ್ಟೆ. ಗಾಳಿ ಮುಖಕ್ಕೆ ಹೊಡೆಯಿತು, ಹೊಟ್ಟೆಯೊಳಗೆ ಏನೋ ಹಾರಿದ ಹಾಗಾಯಿತು. ಕೆಳಗೆ ಬೇಲಿಗೆ ಗುದ್ದಿ ಇಬ್ಬರೂ ಬಿದ್ದೆವು. ಜಾಲಿ ಮುಳ್ಳು ಚುಚ್ಚಿದ್ದು ಕಾಲಿಗೆ ಗೊತ್ತಾಗಲಿಲ್ಲ, ಕೈಗೆ ಗೊತ್ತಾಯಿತು. ಅಷ್ಟು ನಕ್ಕು ಎರಡು ವರ್ಷವಾಗಿತ್ತು.

ಅವನೇನು ದೇವರಂಥ ಮನುಷ್ಯನಲ್ಲ. ಇಸ್ಪೀಟಿನಲ್ಲಿ ಮೋಸ ಮಾಡುತ್ತಾನೆ, ಫೋನು ಎತ್ತದಿದ್ದರೆ ಜಗಳಕ್ಕೇ ಬರುತ್ತಾನೆ. ಆದರೆ ಬರುತ್ತಾನೆ.

ಈಗ ಮೇಷ್ಟ್ರು ಹೇಳಿದಂಥ ಕಥೆಗಳನ್ನು ಬೇರೆ ಥರ ಕೇಳುತ್ತೇನೆ. ಅಂಥ ಒಂದೊಂದು ಕಥೆಯ ಹಿಂದೆಯೂ ಅವನಂಥವನೊಬ್ಬ ಇರಬೇಕು ಅನ್ನಿಸಿ ಹುಡುಕಿದೆ. ಸಿಕ್ಕಿದರು. ಬ್ರ್ಯಾಡ್ ಪಾರ್ಕ್ಸ್ ಎಂಬ ಅಮೆರಿಕದ ಹುಡುಗ 1976ರಲ್ಲಿ, ಹದಿನೆಂಟನೇ ವಯಸ್ಸಿಗೆ, ಹಿಮದ ಮೇಲೆ ಸ್ಕೀ ಆಟದಲ್ಲಿ ನೆಗೆದು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. ಜೆಫ್ ಮಿನ್ನೆಬ್ರೇಕರ್ ಎಂಬಾತ ಅವನಿಗೆ ಸಿಕ್ಕ. ಅವನೂ ಗಾಲಿಕುರ್ಚಿಯವನೇ; ತನ್ನ ಕುರ್ಚಿಯನ್ನು ಹಗುರವಾಗಿ ತಾನೇ ಕಟ್ಟಿಕೊಂಡು ಟೆನ್ನಿಸ್ ಆಡಿ ನೋಡುತ್ತಿದ್ದ. ಇಬ್ಬರೂ ಸೇರಿ ಊರೂರು ಸುತ್ತಿ ಆ ಆಟವನ್ನು ಹಬ್ಬಿಸಿದರು. ನಿಯಮ ಒಂದೇ ಒಂದು ಸಡಿಲ: ಚೆಂಡು ಎರಡು ಸಲ ಪುಟಿಯಬಹುದು. ಇವತ್ತು ಅದು ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಅನಂತಪುರದಲ್ಲಿ 2010ರಿಂದ ರಫೇಲ್ ನಡಾಲ್ ಹೆಸರಿನ ಟೆನ್ನಿಸ್ ಶಾಲೆ ಇದೆಯಲ್ಲ, ವಾರಕ್ಕೊಂದು ಗಂಟೆ ನಮಗೂ ಅಂಕಣ ಕೊಡಿ ಎಂದು ಕೇಳಲು ಹೋಗುವವರಿದ್ದೇವೆ. ಜೊತೆಗೆ ಬರುವವರು ಹೇಳಿ.

ಇನ್ನೊಂದು ಕಥೆ ತೂಮುಕುಂಟದ ಕೈಗಾರಿಕಾ ಪ್ರದೇಶದ ವೆಲ್ಡಿಂಗ್ ಅಣ್ಣಂದಿರಿಗೆ. ಕ್ಯಾಲಿಫೋರ್ನಿಯಾದ ಮ್ಯಾರಿಲಿನ್ ಹ್ಯಾಮಿಲ್ಟನ್ 1970ರ ದಶಕದ ಕೊನೆಗೆ ಹ್ಯಾಂಗ್ ಗ್ಲೈಡರ್‌ನಲ್ಲಿ ಹಾರುತ್ತಾ ಬೆಟ್ಟಕ್ಕೆ ಬಡಿದು ಬಿದ್ದರು. ಆಸ್ಪತ್ರೆ ಕೊಟ್ಟ ಕುರ್ಚಿ ಕಬ್ಬಿಣದ ಗುಡ್ಡದಂತಿತ್ತು. ಜೊತೆಗೆ ಹಾರುತ್ತಿದ್ದ ಇಬ್ಬರು ಗೆಳೆಯರನ್ನು ಕರೆದು, ನೀವು ಗ್ಲೈಡರ್ ಕಟ್ಟುವ ಅಲ್ಯೂಮಿನಿಯಂ ಕೊಳವೆಯಿಂದಲೇ ನನಗೊಂದು ಕುರ್ಚಿ ಕಟ್ಟಿಕೊಡಿ ಎಂದರು. ಅವರು ಶೆಡ್ಡಿನಲ್ಲಿ ಕೂತು ಕಟ್ಟಿಕೊಟ್ಟರು. ತೂಕ ಸುಮಾರು 12 ಕಿಲೋ, ಆಗಿನ ಕುರ್ಚಿಗಳ ಅರ್ಧ. ‘ಕ್ವಿಕಿ’ ಎಂಬ ಹೆಸರಿನಲ್ಲಿ ಅದು ಮುಂದೆ ದೇಶದೇಶಕ್ಕೆ ಹೋಯಿತು. ಹಾರುವಾಗ ಜೊತೆಗಿದ್ದವರು ಬಿದ್ದ ಮೇಲೂ ಜೊತೆಗಿದ್ದದ್ದರಿಂದ ಹುಟ್ಟಿದ ಕುರ್ಚಿ ಅದು. ಅಣ್ಣಾ, ನಿಮ್ಮ ಅಂಗಡಿಯಲ್ಲೂ ಕೊಳವೆ ಇದೆ, ಬಗ್ಗಿಸುವ ಯಂತ್ರ ಇದೆ. ಕೊಟ್ಟ ಕುರ್ಚಿಯ ಮುಂಗಾಲಿ ಹೊಲದ ದಾರಿಯಲ್ಲಿ ಒಂದು ಮಳೆಗಾಲ ತಡೆಯುವುದಿಲ್ಲ. ದೊಡ್ಡ ಮುಂಗಾಲಿ ಹಾಕಿ, ಹಿಂದಕ್ಕೆ ಮಗುಚದಂತೆ ಒಂದು ಆನಿಕೆ ಕೊಟ್ಟರೂ ಸಾಕು. ಕೂಲಿ ಕೊಡುತ್ತೇವೆ, ಬಿಟ್ಟಿ ಬೇಡ. ಅಳತೆ ಮಾತ್ರ ನಮ್ಮನ್ನು ಕೂರಿಸಿ ತೆಗೆದುಕೊಳ್ಳಿ, ಅಂದಾಜಿನಲ್ಲಿ ಬೇಡ.

ನಮ್ಮ ಕನ್ನಡದವರೇ ಬೇಕೆಂದರೆ ಮಾಲತಿ ಹೊಳ್ಳ ಇದ್ದಾರೆ, ಬೆಂಗಳೂರಿನವರು. ಕೂಸಾಗಿದ್ದಾಗ ಬಂದ ಜ್ವರದಲ್ಲಿ ಮೈ ಸ್ವಾಧೀನ ಹೋಯಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಬಾಲ್ಯವೆಲ್ಲ ಚೆನ್ನೈನ ಚಿಕಿತ್ಸಾ ಕೇಂದ್ರವೊಂದರಲ್ಲಿ, ತನ್ನಂಥ ಮಕ್ಕಳ ನಡುವೆ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಲೇ ಗುಂಡು, ಭರ್ಜಿ, ಚಕ್ರ ಎಸೆದು ದೇಶದೇಶದಲ್ಲಿ ಪದಕ ಗೆದ್ದರು. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಬಂತು. ನನಗೆ ಪದಕಕ್ಕಿಂತ ಹೆಚ್ಚಾಗಿ ಕಾಣುವುದು ಅವರು ಹಳ್ಳಿಗಳ ಅಂಗವಿಕಲ ಮಕ್ಕಳನ್ನು ತಂದಿಟ್ಟುಕೊಂಡು ಬೆಳೆಸಲು ಮಾತೃ ಫೌಂಡೇಶನ್ ಕಟ್ಟಿದ್ದು. ತನಗೆ ಸಿಕ್ಕಿದ್ದ ಜೊತೆಯನ್ನು ಮುಂದಿನವರಿಗೆ ದಾಟಿಸಿದರು.

ಈಗ ನಮ್ಮ ಕೆಲಸಕ್ಕೆ ಬರುತ್ತೇನೆ.

ದೀಪಾವಳಿ ಕಳೆದ ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ ಹಿಂದೂಪುರ ರೈಲ್ವೆ ನಿಲ್ದಾಣದ ಮುಂದೆ ಸೇರಿ ಲೇಪಾಕ್ಷಿಗೆ ಹೋಗುತ್ತೇವೆ. ಹದಿನೈದು ಕಿಲೋಮೀಟರ್ ಹತ್ತಿರ. ಬಸ್ಸಿನವರಿಗೆ ಅರ್ಧ ಗಂಟೆಯ ದಾರಿ. ಕೈಯಲ್ಲಿ ಚಕ್ರ ತಿರುಗಿಸುವವರಿಗೆ ಅದೇ ಹಿಮಾಲಯ. ಮೋಟರ್ ಹಾಕಿದ ಸೈಕಲ್ಲಿನವರೂ ಬರಬಹುದು, ಆದರೆ ಮುಂದೆ ಓಡಿಹೋಗಿ ಹೋಟೆಲಿನಲ್ಲಿ ಕೂರುವಂತಿಲ್ಲ. ಎಲ್ಲರಿಗಿಂತ ಹಿಂದಿರುವವನ ವೇಗವೇ ಎಲ್ಲರ ವೇಗ. ಸೋತವರನ್ನು ಹತ್ತಿಸಿಕೊಳ್ಳಲು ಹಿಂದೆ ಒಂದು ಲಗೇಜ್ ಆಟೋ ಇರುತ್ತದೆ; ಹತ್ತಿದರೆ ಯಾರೂ ಗೇಲಿ ಮಾಡುವುದಿಲ್ಲ (ಕಲ್ಯಾಣದುರ್ಗದ ಆಸಾಮಿ ಮಾಡಬಹುದು, ಅವನ ಮಾತು ಕಿವಿಗೆ ಹಾಕಿಕೊಳ್ಳಬೇಡಿ).

ಗುರಿ ದೊಡ್ಡ ನಂದಿ. ಒಂದೇ ಬಂಡೆಯಲ್ಲಿ ಕಡೆದದ್ದು, 27 ಅಡಿ ಉದ್ದ, 15 ಅಡಿ ಎತ್ತರ, ಬಯಲಲ್ಲೇ ಕೂತಿದೆ. ದೇವಸ್ಥಾನದ ಒಳಗೆ ಹೋಗಲು ಮೆಟ್ಟಿಲಿವೆ. ಅಲ್ಲಿಯ ಶಾಸನಗಳು ಹೆಚ್ಚಿನವು ಕನ್ನಡದಲ್ಲೇ ಇದ್ದರೂ ಓದಲು ಯಾರಾದರೂ ಹೊತ್ತುಕೊಂಡು ಹೋಗಬೇಕು. ಹೊರಿಸಿಕೊಳ್ಳುವುದು ಬೇಡ ಅನ್ನುವವರು ನಂದಿಯ ಹತ್ತಿರವೇ ಕೂತು ಬುತ್ತಿ ಬಿಚ್ಚೋಣ.

ಲೇಪಾಕ್ಷಿಯ ಹೆಸರಿನ ಕಥೆ ನಿಮಗೆ ಗೊತ್ತೇ ಇದೆ. ರೆಕ್ಕೆ ಕಡಿಸಿಕೊಂಡು ಬಿದ್ದ ಜಟಾಯುವಿಗೆ ರಾಮ ‘ಲೇ ಪಕ್ಷಿ’, ಏಳು ಹಕ್ಕಿ, ಅಂದನಂತೆ. ನೋಡಲು ಬಂದವರೂ ನಮಗೆ ಇದನ್ನೇ ಹೇಳುತ್ತಾರೆ: ಏಳು, ಧೈರ್ಯ ತಂದುಕೋ. ಆದರೆ ಕಥೆ ಸರಿಯಾಗಿ ಕೇಳಿ. ಜಟಾಯು ಏಳಲಿಲ್ಲ. ಏಳು ಅಂದವನೇ ನೆಲಕ್ಕೆ ಕೂತ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಏನಾಯಿತೆಂದು ಕೇಳಿದ. ಹಕ್ಕಿ ಹೇಳಬೇಕಾದ್ದನ್ನು ಹೇಳಿತು. ಆಮೇಲೆ ಸತ್ತಿತು, ನಿಜ. ನಮಗೆ ಸದ್ಯಕ್ಕೆ ಆ ಯೋಚನೆ ಇಲ್ಲ. ಏಳು ಅನ್ನುವವರು ಊರಿಗೆ ನೂರು ಮಂದಿ ಇದ್ದಾರೆ, ಪಕ್ಕದಲ್ಲಿ ಕೂರುವವರು ಬೇಕಾಗಿದ್ದಾರೆ.

ಸಾಹಸ ಅಂದರೆ ಮೈ ಮೇಲಿನ ಎಚ್ಚರ ಬಿಡುವುದಲ್ಲ. ನಮ್ಮ ಮೈಗೆ ಪೆಟ್ಟಿನ ಕೆಳಗೆ ನೋವು ಗೊತ್ತಾಗದು, ಬೆವರೂ ಸರಿಯಾಗಿ ಬರದು. ಈ ಸೀಮೆಯ ಬಿಸಿಲಿಗೆ ಮೈ ಕಾದರೆ ತಾನಾಗಿ ತಣಿಯುವುದಿಲ್ಲ. ಅದಕ್ಕೇ ದೀಪಾವಳಿ ಕಳೆಯಲಿ ಎಂದದ್ದು, ಅದಕ್ಕೇ ಆರು ಗಂಟೆ. ಒದ್ದೆ ಟವೆಲ್ಲು, ನೀರು ತನ್ನಿ. ನೀರು ಕುಡಿದರೆ ಉಚ್ಚೆಯ ಕಾಟ ಎಂದು ಬಾಯಿ ಒಣಗಿಸಿಕೊಂಡು ಬರಬೇಡಿ. ನಳಿಕೆ, ಚೀಲ ಒಂದು ಜೊತೆ ಹೆಚ್ಚಿಗೆ ಇರಲಿ. ಮರೆಗೆ ಜಾಗ ಮಾಡುತ್ತೇವೆ, ಹೆಣ್ಣುಮಕ್ಕಳಿಗೆ ಬೇರೆ. ಕಾಲು ಗಂಟೆಗೊಮ್ಮೆ ಒಬ್ಬರು ಕೂಗುತ್ತಾರೆ, ಆಗ ಎಲ್ಲರೂ ಕೈಯೂರಿ ಕುಂಡೆ ಮೇಲೆತ್ತಬೇಕು. ಕಾದ ಕಬ್ಬಿಣ, ಕಾದ ಬಂಡೆ ಬರಿಗಾಲಿಗೆ ತಾಗದಿರಲಿ. ಬೊಬ್ಬೆ ಎದ್ದದ್ದು ಮನೆಗೆ ಹೋದ ಮೇಲೇ ಕಾಣುವುದು. ಎದೆಯ ಮಟ್ಟಕ್ಕೋ ಕುತ್ತಿಗೆಗೋ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು ಮುಖ ಕೆಂಪೇರಿದರೆ ಕೂಡಲೇ ನೆಟ್ಟಗೆ ಕೂರಿಸಿ, ನಳಿಕೆ ಎಲ್ಲಿ ಮಡಚಿಕೊಂಡಿದೆ ನೋಡಿ, ಬಿಗಿ ಬಟ್ಟೆ ಸಡಿಲಿಸಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ. ಹುಣ್ಣು ಇರುವವರು ಈ ಸಲ ಬರಬೇಡಿ. ನಾವೇ ನಿಮ್ಮಲ್ಲಿಗೆ ಬರುತ್ತೇವೆ.

ಮನೆಯವರಿಗೆ ಒಂದು ಮಾತು. ಅವ್ವಂದಿರೇ, ಮಗನನ್ನು ಕಳಿಸಲು ಹೆದರಿಕೆ ಎಂದು ಗೊತ್ತು. ಒಮ್ಮೆ ಬಿದ್ದವನು ಮತ್ತೆ ಬಿದ್ದರೆ ಅನ್ನುತ್ತೀರಿ. ಬೀಳಬಹುದು. ನಾವು ಬಿದ್ದಿದ್ದೇವೆ, ಎತ್ತಿ ಕೂರಿಸಿಕೊಂಡಿದ್ದೇವೆ. ಮಗಳನ್ನು ಕಳಿಸಲು ಹೆದರಿಕೆ ಇನ್ನೂ ಹೆಚ್ಚು. ನೀವೂ ಜೊತೆಗೇ ಬನ್ನಿ, ಬುತ್ತಿ ನಿಮ್ಮದೇ ಇರಲಿ. ಕಾಲು ಆಡದ ಹೆಣ್ಣುಮಕ್ಕಳು ಈ ಸೀಮೆಯಲ್ಲಿ ನಮಗಿಂತ ಹೆಚ್ಚು ಒಳಮನೆಯಲ್ಲೇ ಉಳಿದಿದ್ದಾರೆ. ಹೋದ ಸಲ ನಾವು ಹೀಗೆ ಸೇರಿದಾಗ ಬಂದ ಹೆಣ್ಣುಮಕ್ಕಳು ಇಬ್ಬರೇ, ಅದು ನಮಗೆ ನಾಚಿಕೆ.

ಆಟ ನಮಗೆ ಯಾರೋ ಕೊಡುವ ಭಿಕ್ಷೆಯಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಕಲಮು, ಅಂಗವಿಕಲರು ಕ್ರೀಡೆಯಲ್ಲಿ ಪಾಲ್ಗೊಳ್ಳಲು ವ್ಯವಸ್ಥೆ ಮಾಡುವುದು ಸರ್ಕಾರದ ಕೆಲಸ ಎನ್ನುತ್ತದೆ. ಮೈದಾನದ ಗೇಟಿನಲ್ಲಿ ಕುರ್ಚಿ ನುಗ್ಗದಿದ್ದರೆ ಅರ್ಜಿ ಬರೆದು ಕೊಡೋಣ. ಬರೆಯಲು ಬಾರದವರಿಗೆ ಅಲ್ಲೇ ಬರೆದುಕೊಡುತ್ತೇವೆ. ಅಂಗವಿಕಲತೆಯ ಸದರಂ ಸರ್ಟಿಫಿಕೇಟು ಇನ್ನೂ ಆಗದವರು ಆಧಾರ್ ನಕಲು ತನ್ನಿ, ದಾರಿ ಹೇಳುತ್ತೇವೆ.

ಲೇಪಾಕ್ಷಿ ಮುಗಿದ ಮೇಲೆ ಕಲ್ಯಾಣದುರ್ಗದವರು ನಮ್ಮನ್ನು ಭೈರವಾನಿತಿಪ್ಪದ ಕೆರೆಗೆ ಕರೆದಿದ್ದಾರೆ. ವೇದಾವತಿಯಲ್ಲಿ ನೀರು ಬಂದ ವರ್ಷ ತೆಪ್ಪದಲ್ಲಿ ಕೂರಿಸುತ್ತಾರಂತೆ. ತೆಪ್ಪದಲ್ಲಿ ಕಾಲಿಗೆ ಕೆಲಸವೇ ಇಲ್ಲ, ತೋಳಿದ್ದರೆ ಸಾಕು. ತೇಲುವ ಅಂಗಿ ಹಾಕದವರನ್ನು ಹತ್ತಿಸುವುದಿಲ್ಲ ಎಂದು ಈಗಲೇ ಬರೆದಿಡುತ್ತೇನೆ. ಮಾತು ತಪ್ಪಿಸಲು ನೋಡುವವನು ಯಾರೆಂದು ನನಗೆ ಗೊತ್ತು.

ಕೊನೆಗೆ, ಕಾಲು ಗಟ್ಟಿಯಿರುವವರಿಗೆ. ಈ ಕಾಗದ ಓದಿ ಮಡಚಿ ಜೇಬಿಗೆ ಹಾಕಬೇಡಿ. ನಿಮ್ಮ ಬೀದಿಯಲ್ಲಿ, ನಿಮ್ಮ ಊರಿನಲ್ಲಿ, ಮರದಿಂದಲೋ ಬೈಕಿನಿಂದಲೋ ಬಾವಿಗೋ ಬಿದ್ದು, ‘ಅವನೀಗ ಎಲ್ಲಿದ್ದಾನೋ’ ಎಂದು ಜನ ಮರೆತವರು ಒಬ್ಬರಾದರೂ ಇರುತ್ತಾರೆ. ಎಲ್ಲೂ ಹೋಗಿಲ್ಲ, ಅದೇ ಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. ಹೋಗಿ ಈ ಕಾಗದ ಕೊಡಿ. ಓದಲು ಬಾರದಿದ್ದರೆ ಓದಿ ಹೇಳಿ. ಗೋಡೆ ಕಡೆ ಮುಖ ತಿರುಗಿಸಿದರೆ ಬೇಸರಪಡಬೇಡಿ, ಇನ್ನೊಂದು ಸಲ ಹೋಗಿ. ಅವರ ಊರು, ಮನೆಯ ಗುರುತು ತಿಳಿದುಕೊಂಡು ಬಂದು, ಈ ಕಾಗದ ನಿಮ್ಮ ಕೈಗೆ ಕೊಟ್ಟವರಿಗೇ ಹೇಳಿ.

ಚಹಾ ನಮ್ಮದು. ಪಂಕ್ಚರ್ ಹಾಕುವ ಸಾಮಾನು ಇರುವವರು ಮರೆಯದೆ ತನ್ನಿ.